ಯಾವ ಸೊಸೈಟಿ?

ನಮ್ಮ ದಾವಣಗೆರೆಯಲ್ಲಿ ‘ಸೊಸೈಟಿ’ ಅಂದರೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆ. ಒಂದು ಕೈಯಲ್ಲಿ ರೇಷನ್ ಕಾರ್ಡು, ಇನ್ನೊಂದರಲ್ಲಿ ಚೀಲ ಹಿಡಿದು ಸಾಲಿನಲ್ಲಿ ನಿಂತು ಬೆಳೆದವನು ನಾನು. ನನ್ನ ಮುಂದೆ ಮಂಡಕ್ಕಿ ಭಟ್ಟಿಯ ಸಾಬರು, ಹಿಂದೆ ನಮ್ಮ ಕನ್ನಡ ಮೇಷ್ಟ್ರು, ಅವರ ಹಿಂದೆ ರಾತ್ರಿಪಾಳಿ ಮುಗಿಸಿ ಬಂದ ಮಿಲ್ಲಿನವರು. ಸೊಸೈಟಿ ಅಕ್ಕಿಯ ಕಲ್ಲು ಎಲ್ಲರ ಹಲ್ಲಿಗೂ ಒಂದೇ ಥರ ಸಿಗುತ್ತಿತ್ತು.

1987ರಲ್ಲಿ ಅಹಮದಾಬಾದಿನ ಒಂದು ಬಟ್ಟೆ ಮಿಲ್ಲಿನ ನೂಲುವ ಖಾತೆಗೆ ಕೆಲಸಕ್ಕೆ ಬಂದೆ. ಇಲ್ಲಿ ಪರಿಚಯವಾದವರೆಲ್ಲ ಹೆಸರು ಕೇಳಿದ ಬೆನ್ನಿಗೇ ಕೇಳುತ್ತಿದ್ದ ಪ್ರಶ್ನೆ, “ಕಯಿ ಸೊಸೈಟಿ?” ಯಾವ ಸೊಸೈಟಿ ಅಂತ. ನಾನು ಪೆದ್ದುಪೆದ್ದಾಗಿ, “ಇನ್ನೂ ರೇಷನ್ ಕಾರ್ಡು ಮಾಡಿಸಿಲ್ಲ” ಅಂದುಬಿಟ್ಟೆ. ಖಾತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗೊತ್ತಾಯಿತು, ಇಲ್ಲಿ ಸೊಸೈಟಿ ಅಂದರೆ ಮನೆಗಳ ಕಾಲನಿ. ಮೂವತ್ತು ನಲವತ್ತು ಮನೆ, ಒಂದು ಗೇಟು, ಒಬ್ಬ ಚೇರ್ಮನ್, ಒಬ್ಬ ಸೆಕ್ರೆಟರಿ, ಹೆಸರುಗಳ ಒಂದು ಬೋರ್ಡು. ಸೊಸೈಟಿಯ ಹೆಸರು ಹೇಳಿದರೆ ಸಾಕು, ಕೇಳಿದವರಿಗೆ ನಿಮ್ಮ ಜಾತಿ, ಸಂಬಳ, ದೇವರು, ರಾತ್ರಿ ಅಡುಗೆಮನೆಯಿಂದ ಬರುವ ವಾಸನೆ ಎಲ್ಲ ಗೊತ್ತಾಗಿಬಿಡುತ್ತದೆ. ನೀನು ಯಾರ ಪೈಕಿ ಅಂತ ಕೇಳುವುದಕ್ಕೆ ಎಷ್ಟು ಮರ್ಯಾದೆಯ ದಾರಿ ನೋಡಿ!

ನಮಗೆ ಮನೆ ಸಿಕ್ಕಿದ್ದು ಮಣಿನಗರದಲ್ಲಿ. ನಿಮ್ಮಲ್ಲಿ ಬಹಳ ಜನಕ್ಕೆ ಈ ಹೆಸರು ಗೊತ್ತಿರುವುದು ನರೇಂದ್ರ ಮೋದಿಯವರು 2002ರಿಂದ 2014ರವರೆಗೆ ಇಲ್ಲಿನ ಶಾಸಕರಾಗಿದ್ದರು ಅನ್ನುವ ಕಾರಣಕ್ಕೆ. ಮುಂಬಯಿ ಕಡೆಯಿಂದ ಬರುವ ರೈಲು ಅಹಮದಾಬಾದ್ ಮುಟ್ಟುವ ಮುಂಚೆ ದಾಟುವ ಸ್ಟೇಷನ್ನು ಇದು. ಪಕ್ಕದಲ್ಲಿ 1451ರಲ್ಲಿ ಸುಲ್ತಾನ ಕುತ್ಬುದ್ದೀನ್ ಕಟ್ಟಿಸಿದ ಕಾಂಕರಿಯಾ ಕೆರೆ. ದಕ್ಷಿಣಕ್ಕೆ ವಟವಾದ ಕೈಗಾರಿಕಾ ಪ್ರದೇಶ. ಮಿಲ್ಲಿನವರು, ಬ್ಯಾಂಕಿನವರು, ಉಡುಪಿ ಹೋಟೆಲಿನವರು, ರೈಲ್ವೆಯವರು ಹೀಗೆ ದಕ್ಷಿಣದಿಂದ ಬಂದ ನಾವೆಲ್ಲ ಪೆಟ್ಟಿಗೆ ಇಳಿಸಿದ ಜಾಗ. ಮನೆಗಳಿಗೆ ಮುಂದೆ ‘ಓಟಲೋ’ ಇರುತ್ತದೆ, ಅಂದರೆ ನಮ್ಮ ಜಗಲಿಕಟ್ಟೆ. ಪಕ್ಕದ ಮನೆಯ ಬಾ, ಇಲ್ಲಿ ತಾಯಿಗೂ ಅಜ್ಜಿಗೂ ‘ಬಾ’ ಅಂತಾರೆ, ದಿನವಿಡೀ ಆ ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತಾ ನನ್ನ ಹೆಂಡತಿಗೆ ಗುಜರಾತಿ ಕಲಿಸಿದರು. ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲದ ಡಬ್ಬ ಒಯ್ದಾಗ ಎಳ್ಳಿಗೆ ಏನನ್ನುತ್ತಾರೆಂದು ಇವಳಿಗೆ ಗೊತ್ತಿಲ್ಲ. ಬಾ ಒಂದು ಕಾಳು ನಾಲಿಗೆಯ ಮೇಲಿಟ್ಟು, “ತಲ್!” ಅಂದರು. ಮುಂದೆ ಮಿಲ್ಲು ಮುಚ್ಚಿ ನಾನು ಏಳು ತಿಂಗಳು ಕೆಲಸವಿಲ್ಲದೆ ಕೂತಾಗ, ಓಣಿಯ ಕಿರಾಣಿ ಅಂಗಡಿಯವನು ಒಂದು ದಿನವೂ ಲೆಕ್ಕದ ಪುಸ್ತಕ ಮುಂದೆ ಹಿಡಿಯಲಿಲ್ಲ. ವಟವಾದ ಬಣ್ಣದ ಕಾರ್ಖಾನೆಯಲ್ಲಿ ಜಾಗ ಇದೆ ಅಂತ ಸುದ್ದಿ ತಂದುಕೊಟ್ಟವನೂ ಅವನೇ. ಅಷ್ಟು ಹೊತ್ತಿಗೆ ಬಾಡಿಗೆ ಮನೆಯನ್ನು ಕೊಂಡುಕೊಂಡು ನಾನೂ ಆ ಬೋರ್ಡಿನ ಮೇಲಿನ ಒಂದು ಹೆಸರಾಗಿದ್ದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈಗ ಊರಿಗೆ ಹೋದಾಗಲೂ ಇಲ್ಲಿನ ಕನ್ನಡದವರ ಗಣೇಶನ ಹಬ್ಬಕ್ಕೆ ಹೋದಾಗಲೂ ಕೇಳುವ ಪ್ರಶ್ನೆ ಒಂದೇ: “ಏನ್ರೀ, ಇನ್ನೂ ಮಣಿನಗರದಲ್ಲೇ ಇದೀರಾ?” ಜ್ವರ ಇನ್ನೂ ಬಿಟ್ಟಿಲ್ಲವಾ ಅಂತ ಕೇಳುವ ಧಾಟಿ. ಯಾಕೆಂದರೆ ಅನುಕೂಲವಾದವರೆಲ್ಲ ನದಿ ದಾಟಿಬಿಟ್ಟಿದ್ದಾರೆ. ಸಾಬರಮತಿಯ ಆಚೆ ದಂಡೆಗೆ ಶ್ರೀಮಂತರು ಹೋಗತೊಡಗಿದ್ದು ಹೊಸದೇನಲ್ಲ. 1892ರಲ್ಲಿ ಎಲ್ಲಿಸ್ ಸೇತುವೆ ಆದಮೇಲೆ ನಿಧಾನಕ್ಕೆ ಶುರುವಾದದ್ದು. ಮಿಲ್ಲುಗಳು ಸಾಲುಸಾಲಾಗಿ ಮುಚ್ಚಿದ ಮೇಲೆ ಅದು ಓಟವೇ ಆಯಿತು. ಸ್ಯಾಟಲೈಟ್, ಬೋಡಕ್‌ದೇವ್, ಥಲ್ತೇಜ್, ಈಗ ಎಸ್.ಜಿ. ಹೈವೇ ಆಚೆ ಸಿಂಧು ಭವನ ರಸ್ತೆ, ಆಂಬ್ಲಿ. ದಾವಣಗೆರೆಯವನಾದ ನನಗೆ ಈ ಮಾತು ಹೊಸದಲ್ಲ. ಅಶೋಕ ಟಾಕೀಸ್ ಗೇಟಿನಲ್ಲಿ ರೈಲು ಹೋಗುವವರೆಗೆ ಕಾದು ನಿಂತವರಿಗೆ ಹಳಿಯ ಈಚೆ ಯಾರು, ಆಚೆ ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಜಗತ್ತಿನ ಬಹಳ ಊರುಗಳಲ್ಲಿ ದುಡ್ಡಿದ್ದವರು ಗುಡ್ಡ ಹತ್ತುತ್ತಾರೆ. ತಂಪು ಗಾಳಿ, ಒಳ್ಳೆಯ ನೋಟ, ಕೆಳಗಿನ ಚರಂಡಿಯಿಂದ ದೂರ. ಅಹಮದಾಬಾದ್ ಪಾಪ, ಚಪ್ಪಟೆ ಊರು. ಗುಡ್ಡವೇ ಇಲ್ಲ. ಹಾಗಂತ ಬಿಟ್ಟಾರೆಯೇ? ಹೆಸರಿನಲ್ಲಿ ಗುಡ್ಡ ಕಟ್ಟಿದರು. ‘ಹೈಟ್ಸ್’, ‘ಹಿಲ್ಸ್’, ‘ಸ್ಕೈ’, ‘ಶಿಖರ್’! ನಮ್ಮೂರ ಕಡೆ ಚಿತ್ರದುರ್ಗದ ಬೆಟ್ಟ ನೋಡಿದವರಿಗೆ ನಗು ಬರಬೇಕು. ಗುಜರಾತಿಯಲ್ಲಿ ‘ಟೇಕರೋ’ ಅಂದರೆ ದಿಬ್ಬ. ಪಶ್ಚಿಮದ ಊರಿನ ನಡುವೆ ಗುಲ್ಬಾಯ್ ಟೇಕರಾ ಅಂತ ಒಂದಿದೆ. ಆ ದಿಬ್ಬದ ಹೆಸರು ಹೊತ್ತ ಗುಡಿಸಲು ಸಾಲಿನಲ್ಲಿ ದಶಕಗಳಿಂದ ಗಣಪತಿ ಮೂರ್ತಿ ಮಾಡಿಕೊಂಡು ಬಂದವರು ರಾಜಸ್ಥಾನ ಕಡೆಯ ಬಾವರಿ ಜನ. ಸುತ್ತಲ ಬಂಗಲೆಯವರು ಆ ಗುಡಿಸಲುಗಳಿಗೆ ತಮಾಷೆಗೆ ‘ಹಾಲಿವುಡ್’ ಅಂತ ಹೆಸರಿಟ್ಟರು. ಗಣಪತಿ ಅವರಿಂದ ಬೇಕು, ನೆರೆ ಬೇಡ.

ಇನ್ನು ಈ ಊರಿನ ನಿಜವಾದ ಗುಡ್ಡ ಎಲ್ಲಿದೆ ಗೊತ್ತೇ? ನಮ್ಮ ದಂಡೆಯಲ್ಲಿ, ಪಿರಾಣಾದಲ್ಲಿ. ಎಂಬತ್ತರ ದಶಕದಿಂದ ಇಡೀ ಅಹಮದಾಬಾದಿನ ಕಸ ತಂದು ಸುರಿದು ಸುರಿದು ಎಂಬತ್ತು ಎಕರೆಗೂ ಮಿಕ್ಕಿದ ಜಾಗದಲ್ಲಿ ಎದ್ದ ಗುಡ್ಡ. ಹೈವೇಯಲ್ಲಿ ಹೋಗುವವರು ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದರ ಹೊಗೆ ಈ ಕಡೆಯ ಓಣಿಗಳಿಗೇ ಬರುವುದು. ಇತ್ತೀಚಿನ ವರ್ಷಗಳಲ್ಲಿ ಯಂತ್ರಗಳನ್ನಿಟ್ಟು ಅದನ್ನು ಕರಗಿಸುತ್ತಿದ್ದಾರೆ, ಒಳ್ಳೆಯದೇ. ಆದರೆ ಲೆಕ್ಕ ನೋಡಿ. ಎತ್ತರದ ಹೆಸರು ನದಿಯಾಚೆ, ಎತ್ತರದ ಕಸ ನದಿಯೀಚೆ. ಸಿಂಧು ಭವನ ರಸ್ತೆಯ ಇಪ್ಪತ್ತನೇ ಮಹಡಿಯಲ್ಲಿ ಸಿಪ್ಪೆ ಬುಟ್ಟಿಗೆ ಹಾಕಿದವರಿಗೆ ಅದು ಕೊನೆಗೆ ಎಲ್ಲಿ ಬೆಟ್ಟವಾಗುತ್ತದೆ ಅಂತ ಯೋಚಿಸುವ ದರ್ದಿಲ್ಲ. ಯೋಚಿಸದೇ ಇರುವುದಕ್ಕೇ ಅಲ್ಲವೇ ಅಷ್ಟು ದುಡ್ಡು ಕೊಡುವುದು?

2001ರ ಜನವರಿ 26ರ ಬೆಳಿಗ್ಗೆ ನೆಲ ನಡುಗಿತು. ಕೇಂದ್ರ ಕಚ್ಛ್‌ನಲ್ಲಿದ್ದರೂ ಅಹಮದಾಬಾದಿನಲ್ಲೇ ಏಳುನೂರಕ್ಕೂ ಹೆಚ್ಚು ಜನ ಸತ್ತರು. ನದಿಯಾಚೆ ಸ್ಯಾಟಲೈಟಿನಲ್ಲಿ ಹತ್ತು ಮಹಡಿಯ ಒಂದು ಕಟ್ಟಡ ಬಿದ್ದು ನೂರರ ಹತ್ತಿರ ಜನ ಹೋದರು. ಅದರ ಹೆಸರು ‘ಶಿಖರ್’. ನದಿಯೀಚೆ ನಮ್ಮ ಮಣಿನಗರದಲ್ಲಿ ಒಂದು ಶಾಲೆಯ ಕಟ್ಟಡ ಕುಸಿದು ಮಕ್ಕಳು ಸತ್ತರು. ಹಳೆ ಊರಿನ ಎಷ್ಟೋ ಮರದ ತೊಲೆಯ ಮನೆಗಳು ನಿಂತವು, ಹೊಸ ಕಾಂಕ್ರೀಟು ಮಲಗಿತು. ಆ ವಾರವೆಲ್ಲ ಯಾರೂ ಯಾರನ್ನೂ ‘ಯಾವ ಸೊಸೈಟಿ’ ಅಂತ ಕೇಳಲಿಲ್ಲ. ಎಲ್ಲರೂ ರಸ್ತೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದೆವು.

ಹಾಗಾಗಿ 2010ರ ಜನವರಿ 12ರಂದು ಕೆರಿಬಿಯನ್ ದ್ವೀಪದ ಹೈಟಿಯಲ್ಲಿ ಭೂಕಂಪವಾದಾಗ ನಾವು ಮನೆಯವರೆಲ್ಲ ಟಿ.ವಿ. ಮುಂದೆ ಕೂತೆವು. ಅದರ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಮೇಲೆ, ಗುಡ್ಡದ ಇಳಿಜಾರಿನಲ್ಲಿ ಪೆಟಿಯೋಂವಿಲ್ ಅಂತ ಒಂದು ಶ್ರೀಮಂತರ ಉಪನಗರ ಇದೆ. ಕೆಳಗೆ ಕಿಕ್ಕಿರಿದ ಬಡ ರಾಜಧಾನಿ. ಮೇಲೆ ಎತ್ತರದ ಗೋಡೆ, ಕಾವಲುಗಾರರು, ಹೋಟೆಲು, ಗಾಲ್ಫ್ ಮೈದಾನ. ನೆಲ ನಡುಗಿದ ಮೇಲೆ ಆ ಗಾಲ್ಫ್ ಮೈದಾನದ ತುಂಬ ಹತ್ತಾರು ಸಾವಿರ ಜನ ಗುಡಾರ ಹಾಕಿದರು. ಅದೇ ಉಪನಗರದ ಪಕ್ಕದ ಇಳಿಜಾರಿನಲ್ಲಿ ಝಾಲೂಸಿ ಅನ್ನುವ ಬಡವರ ಮನೆಗಳ ರಾಶಿ. 2013ರಲ್ಲಿ ಸರ್ಕಾರ ಏನು ಮಾಡಿತು? ಆ ಮನೆಗಳ ಮುಖಗಳಿಗೆ ಹಳದಿ, ಗುಲಾಬಿ, ನೀಲಿ ಬಣ್ಣ ಬಳಿಯಿತು. ಎದುರಿನ ಹೋಟೆಲಿನವರಿಗೆ ನೋಟ ಚೆನ್ನಾಗಿರಬೇಕಲ್ಲ! ಆ ಹೆಸರಿಗೆ ಅವರ ಭಾಷೆಯಲ್ಲಿ ಅಸೂಯೆ ಅಂತಲೂ ಅರ್ಥವಿದೆಯಂತೆ. ಯಾರು ಯಾರ ಮೇಲೆ ಪಡಬೇಕೋ, ಅವರೇ ಹೇಳಬೇಕು.

ನಗಬೇಡಿ. 2020ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅಹಮದಾಬಾದಿಗೆ ಬರುವ ಮುಂಚೆ, ವಿಮಾನ ನಿಲ್ದಾಣದಿಂದ ಹೋಗುವ ದಾರಿಯಲ್ಲಿ ಸರಾಣಿಯಾವಾಸ್ ಅನ್ನುವ ಕೊಳೆಗೇರಿಯ ಮುಂದೆ ಗೋಡೆ ಎದ್ದಿತು. ಅಲ್ಲಿ ಬಣ್ಣ, ಇಲ್ಲಿ ಇಟ್ಟಿಗೆ. ಅಷ್ಟೇ ವ್ಯತ್ಯಾಸ.

ಎತ್ತರ ಕಾಪಾಡುತ್ತದೆಯೇ? ಆ ಹೈಟಿಯ ಅಧ್ಯಕ್ಷ ಜೋವೆನೆಲ್ ಮೊಯೀಸ್ 2021ರ ಜುಲೈ 7ರಂದು ಕೊಲೆಯಾದದ್ದು ಕೆಳಗಿನ ಕೊಳೆಗೇರಿಯಲ್ಲಲ್ಲ. ಪೆಟಿಯೋಂವಿಲ್ ಗುಡ್ಡದ ಮೇಲಿನ ಸ್ವಂತ ಮನೆಯಲ್ಲಿ. 2024ರಲ್ಲಿ ಬಂದೂಕಿನ ಗುಂಪುಗಳು ಆ ಗುಡ್ಡವನ್ನೂ ಹತ್ತಿ ಬಂದವು. ಕೆಳಗಿನ ಊರು ಕೈಬಿಟ್ಟುಹೋದರೆ ಮೇಲಿನ ಬೀದಿಗೆ ಆಯಸ್ಸು ಎಷ್ಟು?

ಇಷ್ಟು ಹೇಳಿ ನಾನು ಸಾಚಾ ಅಂತ ನಿಲ್ಲಲಾರೆ. ಗೋಡೆ ನದಿಯಾಚೆ ಮಾತ್ರ ಇಲ್ಲ. ಈ ಊರಿನಲ್ಲಿ 1926ರಲ್ಲೇ ನೋಂದಣಿಯಾದ ಪಾರ್ಸಿಗಳ ಒಂದು ವಸತಿ ಸೊಸೈಟಿ ಇದೆ. ತಮ್ಮವರಲ್ಲದವರಿಗೆ ಸದಸ್ಯತ್ವ ಇಲ್ಲ ಅನ್ನುವ ಅವರ ನಿಯಮ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಲ್ಲಿ ಅದೂ ಸೇರುತ್ತದೆ ಅಂತ 2005ರಲ್ಲಿ ಕೋರ್ಟು ಹೇಳಿತು. ಪಾರ್ಸಿಗಳದು ಕರಗುತ್ತಿರುವ ಸಣ್ಣ ಸಮುದಾಯ, ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಕೊಡೆಯ ಕೆಳಗೆ ದೊಡ್ಡ ದೊಡ್ಡ ಸಮುದಾಯಗಳೂ ನುಸುಳಿ ನಿಂತವಲ್ಲ, ಅದಕ್ಕೇನು ಹೇಳೋಣ? ಇದರ ಮೇಲೆ 1991ರ ‘ಅಶಾಂತ ಧಾರೋ’ ಬೇರೆ. ಗಲಭೆಯ ಹೆದರಿಕೆಯಲ್ಲಿ ಜನ ಮನೆಗಳನ್ನು ಸಿಕ್ಕಿದ ಬೆಲೆಗೆ ಮಾರಿಕೊಂಡು ಓಡಬಾರದು ಅಂತ ಬಂದ ಕಾನೂನು. ಘೋಷಿತ ಪ್ರದೇಶದಲ್ಲಿ ಮನೆ ಕೈ ಬದಲಾಗಲು ಕಲೆಕ್ಟರ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ ಇರಬಹುದು. ಬಳಕೆಯಲ್ಲಿ ಅದು ಹಿಂದೂ ಓಣಿ ಹಿಂದೂಗಳಿಗೆ, ಮುಸ್ಲಿಂ ಓಣಿ ಮುಸ್ಲಿಮರಿಗೆ ಅನ್ನುವ ಬೀಗವಾಯಿತು.

ಆ ಬೀಗಕ್ಕೆ ನನ್ನ ಸಹಿಯೂ ಇದೆ. 2004ರಲ್ಲಿ ನಮ್ಮ ಸಾಲಿನ ಕೊನೆಯ ಮನೆ ಮಾರಾಟಕ್ಕೆ ಬಂತು. ನನ್ನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕೆಮಿಸ್ಟ್, ಮುಸಲ್ಮಾನ, ಕೊಳ್ಳಬೇಕು ಅಂತ ಬಂದ. ಹತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದವನು. ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕಾದು ಕೂರುತ್ತಿದ್ದ. ಸೊಸೈಟಿಯ ಸಭೆ ಸೇರಿತು. “ಧರ್ಮದ ಮಾತಲ್ಲ ಭಾಯ್, ಅಡುಗೆಯ ಮಾತು” ಅಂದರು ಒಬ್ಬರು. “ನಾಳೆ ನಮ್ಮ ಮನೆಗಳ ರೇಟು?” ಅಂದರು ಇನ್ನೊಬ್ಬರು. ಎಲ್ಲರೂ ನನ್ನ ಮುಖ ನೋಡಿದರು. ಪರಊರಿನವನು, ನನಗೆ ಯಾಕೆ ಅಂದುಕೊಂಡೆ. ಕಾಗದ ಬಂತು, ಸಹಿ ಹಾಕಿದೆ. ಅವನು ಜೂಹಾಪುರಾದಲ್ಲಿ ಮನೆ ಮಾಡಿದ. ಮರುದಿನವೂ ನನ್ನ ಜೊತೆ ಊಟಕ್ಕೆ ಕೂತ. ಚಿತ್ರಾನ್ನ ಮಾತ್ರ ಕೇಳಲಿಲ್ಲ.

ಪರಊರಿನವನು, ನನಗೆ ಯಾಕೆ! ಹೊರಗೆ ಬಂದ ನಮ್ಮಂಥವರ ದೊಡ್ಡ ರೋಗ ಇದೇ. ಇಲ್ಲಿಯ ಸಂಬಳ ಬೇಕು, ನೀರು ಬೇಕು, ಕರೆಂಟು ಬೇಕು, ಇಲ್ಲಿಯ ತಪ್ಪಿನಲ್ಲಿ ಪಾಲು ಬೇಡ. ನದಿಯಾಚೆಯ ಗೇಟಿನ ಕಾಲನಿಗಳು ಈ ರೋಗಕ್ಕೆ ಕಟ್ಟಿದ ಅರಮನೆಗಳು. ಅಲ್ಲಿರುವ ನಮ್ಮವರನ್ನು ನಾನು ಬಲ್ಲೆ. ಹದಿನೈದು ವರ್ಷವಾದರೂ ‘ಕೇಮ್ ಛೋ’ ಬಿಟ್ಟು ಮುಂದಿನ ಗುಜರಾತಿ ಗೊತ್ತಿಲ್ಲ. ತರಕಾರಿ ಮೊಬೈಲಿನಲ್ಲಿ ಬರುತ್ತದೆ, ವಾಚ್‌ಮನ್ ಹತ್ತಿರ ಹಿಂದಿ ಸಾಕು, ಮಕ್ಕಳ ಬಾಯಲ್ಲಿ ಇಂಗ್ಲಿಷು. ಆದರೆ ರಾಜ್ಯೋತ್ಸವದ ದಿನ ಅರಿಶಿನ-ಕುಂಕುಮ ಬಣ್ಣದ ಶಾಲು ಹೊದ್ದು, “ಬೆಂಗಳೂರಿಗೆ ಬಂದ ಹೊರಗಿನವರು ಕನ್ನಡ ಕಲಿಯುವುದಿಲ್ಲ” ಅಂತ ಭಾಷಣ ಮಾಡುತ್ತಾರೆ!

ಊರಿನಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಸ್ವಲ್ಪ ಕೇಳಿ. ವೈಟ್‌ಫೀಲ್ಡಿನ, ಸರ್ಜಾಪುರ ರಸ್ತೆಯ ಗೋಡೆಗಳೊಳಗೆ ಇರುವವರು ಕನ್ನಡ ಕಲಿಯಲಿಲ್ಲ ಅಂತ ನೀವು ಸಿಟ್ಟಾಗುವುದು ನ್ಯಾಯವೇ. ಆದರೆ ಸಿಟ್ಟು ಮನುಷ್ಯರ ಮೇಲೆ ಮಾತ್ರ ಯಾಕೆ, ಗೋಡೆಯ ಮೇಲೆ ಯಾಕಿಲ್ಲ? ತರಕಾರಿ ಮಾರುವವಳೊಡನೆ ಚೌಕಾಸಿ ಮಾಡದ, ಪಕ್ಕದ ಮನೆಯ ಅಜ್ಜಿಯಿಂದ ಬೈಸಿಕೊಳ್ಳದ ಮನುಷ್ಯನಿಗೆ ಭಾಷೆ ಎಲ್ಲಿಂದ ಬರಬೇಕು? ನನಗೆ ಗುಜರಾತಿ ಬಂದದ್ದು ಬಾ ಅವರ ಕಟ್ಟೆಯಿಂದ. ಅದೇ ಗೋಡೆಯೊಳಗೆ ಮನೆ ಕೊಂಡ ನಿಮ್ಮ ಕನ್ನಡದ ಮಗನೂ ಅಲ್ಲಿ ಕನ್ನಡ ಉಳಿಸಿಕೊಳ್ಳುವುದಿಲ್ಲ, ನೋಡುತ್ತಿರಿ. ಮಗಳನ್ನು ಅಹಮದಾಬಾದಿಗೆ, ಪುಣೆಗೆ, ಡಲ್ಲಾಸಿಗೆ ಕಳಿಸುವಾಗ “ಒಳ್ಳೆ ಗೇಟೆಡ್ ಕಾಲನಿಯಲ್ಲಿ ಮನೆ ಮಾಡಮ್ಮಾ” ಅಂತ ಬುದ್ಧಿ ಹೇಳುವವರು ಯಾರು? ನಾವೇ ತಾನೇ?

ನನ್ನ ಮಗ ನದಿಯಾಚೆ ಇಪ್ಪತ್ತೆರಡು ಮಹಡಿಯ ಕಟ್ಟಡದಲ್ಲಿ ಒಂದು ಫ್ಲಾಟಿಗೆ ಟೋಕನ್ ಕೊಟ್ಟಿದ್ದಾನೆ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಮಳೆ ಬಂದರೆ ನಮ್ಮ ಓಣಿಯಲ್ಲಿ ಮೊಣಕಾಲು ನೀರು. ವಟವಾದ ಹೊಗೆಗೆ ಮೊಮ್ಮಗಳು ಕೆಮ್ಮುತ್ತಾಳೆ. “ಅಪ್ಪಾ, ನಿಮ್ಮ ತತ್ವಕ್ಕೆ ಅವಳ ಪುಪ್ಪುಸ ಬಲಿ ಕೊಡಲಾ?” ಅಂತ ಕೇಳಿದ. ಸುಮ್ಮನಾದೆ. ಆಮೇಲೆ ಅನ್ನಿಸಿತು, ಮೊಮ್ಮಗಳು ಹೋಗುತ್ತಾಳೆ, ಸರಿ. ಇದೇ ಓಣಿಯ ಉಳಿದ ಮಕ್ಕಳ ಕೆಮ್ಮಿಗೆ ದನಿ ಎತ್ತಬೇಕಾದವರೇ ಒಬ್ಬೊಬ್ಬರಾಗಿ ಸೇತುವೆ ದಾಟಿದರೆ ಇಲ್ಲಿಯ ಚರಂಡಿ ಯಾವಾಗ ಸರಿಯಾಗುತ್ತದೆ? ಕಮಿಷನರಿಗೆ ಅರ್ಜಿ ಬರೆಯಬಲ್ಲವರು, ಪೇಪರಿನವರ ನಂಬರು ಇದ್ದವರು, ವಕೀಲರ ಪರಿಚಯ ಇದ್ದವರು ಎಲ್ಲ ಆಚೆ ಹೋದರು. 2008ರಲ್ಲಿ ಕಾಂಕರಿಯಾ ಕೆರೆಯನ್ನು ಚೆಂದ ಮಾಡಿ, ಸುತ್ತ ಬೇಲಿ ಹಾಕಿ, ಗೇಟಿನಲ್ಲಿ ಟಿಕೆಟ್ ಇಟ್ಟಾಗ ಬೀದಿಯಲ್ಲಿ ಕೂಗಿದವರು ಕೆಲವರೇ. ಕೆರೆಯ ಗಾಳಿ ಪುಕ್ಕಟೆ ಬೇಕಾಗಿದ್ದವರ ಕೈಯಲ್ಲಿ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದವರಿಗೆ ಆಚೆ ಕ್ಲಬ್ಬು ಇತ್ತು.

ಮಣಿನಗರವನ್ನು ಸ್ವರ್ಗ ಮಾಡಿ ತೋರಿಸುವ ಇರಾದೆ ನನಗಿಲ್ಲ. ನನ್ನ ಸಹಿಯ ಕಥೆ ಹೇಳಿಯಾಯಿತು. ಆದರೆ ಇಲ್ಲಿ ನಾನು ಹೊರಗಿಟ್ಟ ಮನುಷ್ಯ ಮರುದಿನ ನನ್ನೆದುರು ಬುತ್ತಿ ಬಿಚ್ಚಿದ. ನಾಚಿಕೆಯಾಯಿತು, ಇಪ್ಪತ್ತು ವರ್ಷವಾದರೂ ಹೋಗಿಲ್ಲ. ಇಪ್ಪತ್ತೆರಡನೇ ಮಹಡಿಯಿಂದ ಅವನ ಮುಖ ಕಾಣುತ್ತಿರಲಿಲ್ಲ. ಆ ಎತ್ತರದ ಮೇಲೆ ನನ್ನ ದೂರು ಇಷ್ಟೇ.

ಉತ್ತರಾಯಣದ ದಿನ, ಜನವರಿ 14ಕ್ಕೆ, ಒಮ್ಮೆ ನಮ್ಮ ಕಡೆ ಬನ್ನಿ. ಇಡೀ ಮಣಿನಗರ ಮಾಳಿಗೆಯ ಮೇಲೆ ಇರುತ್ತದೆ. ಉಂಧಿಯು, ಜಿಲೇಬಿ, ನಮ್ಮ ಮನೆಯ ಎಳ್ಳುಬೆಲ್ಲ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟುತ್ತವೆ, ಯಾಕೆಂದರೆ ಮಾಳಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ಯಾರದೋ ಪಟ ಕತ್ತರಿಸಿದರೆ “ಕಾಯ್‌ಪೋ ಛೇ!” ಅಂತ ಓಣಿಗೆ ಓಣಿಯೇ ಕೂಗುತ್ತದೆ. ಕಡಿದ ಪಟ ಯಾವ ಸೊಸೈಟಿಯಲ್ಲಿ ಬೀಳುತ್ತದೋ ಯಾರೂ ಹೇಳಲಾರರು.

ಬಾ ತೀರಿಕೊಂಡು ಆರು ವರ್ಷವಾಯಿತು. ಅವರ ಮನೆಯನ್ನು ಈಗ ಮೊಮ್ಮಗ ಮಾರುತ್ತಾನಂತೆ. ಅವನೂ ಆಚೆ ಹೋಗುವವನು. ಹೋದ ವಾರ ಸೆಕ್ರೆಟರಿ ಒಂದು ಕಾಗದ ತಂದರು. ‘ನಮ್ಮವರಿಗೆ ಮಾತ್ರ’ ಅನ್ನುವ ಅದೇ ಹಳೆಯ ಠರಾವು, ಹೊಸ ತಾರೀಖು. “ಸಹಿ ಕರಿ ದೋ ಅಂಕಲ್” ಅಂದರು. ನಾಳೆ ಕೊಡುತ್ತೇನೆ ಅಂದೆ. ರಾತ್ರಿ ಕೂತು ಗುಜರಾತಿಯಲ್ಲಿ ನಾಲ್ಕು ಸಾಲು ಬರೆದೆ: ಈ ಠರಾವಿಗೆ ನನ್ನ ಒಪ್ಪಿಗೆ ಇಲ್ಲ, 2004ರದಕ್ಕೂ ಇರಬಾರದಿತ್ತು. ಮೂರು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿಕೊಡಲು ಬಾ ಇಲ್ಲ. ತಪ್ಪು ಹಾಗೇ ಬಿಟ್ಟು ಬೆಳಿಗ್ಗೆ ಕೊಟ್ಟುಬಂದೆ. ಸೆಕ್ರೆಟರಿ ಓದಿ, ಚಷ್ಮ ತೆಗೆದು, “ಅಂಕಲ್, ತಮೆ ತೋ ಬಹಾರ್‌ನಾ ಛೋ” ಅಂದರು. ನೀವು ಹೊರಗಿನವರಲ್ಲವಾ ಅಂತ.

“ಮೂವತ್ತೆಂಟು ವರ್ಷವಾಯಿತಪ್ಪಾ, ನಾನು ಈ ಸೊಸೈಟಿಯವನೇ” ಅಂದೆ.